ಬಾಗಿಲ ಪಕ್ಕದ ಸೀಟಿನ ಶಾಂತಕ್ಕ

ಥಿಯೇಟರು ಪೂರ್ತಿ ಖಾಲಿ ಇದ್ದರೂ ಶಾಂತಕ್ಕ ಕೂರುತ್ತಿದ್ದದ್ದು ಬಾಗಿಲ ಪಕ್ಕದ ಸೀಟಿನಲ್ಲೇ. ಗೋವಾದ ಫೋಂಡಾಕ್ಕೆ ಕನ್ನಡ ಸಿನಿಮಾ ಬಂದರೆ ಭಾನುವಾರ ಬೆಳಿಗ್ಗೆ ಒಂದೇ ಆಟ. ಕುಂಡಯಿಯ ಪ್ಲಾಸ್ಟಿಕ್ ಡಬ್ಬಿ ಫ್ಯಾಕ್ಟರಿಯಿಂದ ನಾವು ಏಳೆಂಟು ಹೆಂಗಸರು ಒಟ್ಟಿಗೆ ಹೋಗಿ, ನಡುಸಾಲು ಹಿಡಿದು ಸೀಟಿ ಹೊಡೆಯುತ್ತಿದ್ದೆವು. ಆಕೆ ಮಾತ್ರ ಅಂಚಿನಲ್ಲಿ, ಚಪ್ಪಲಿ ಕೂಡ ಬಿಚ್ಚದೆ. ಕೇಳಿದರೆ, "ಇಲ್ಲಿ ಗಾಳಿ ಚಲೋ ಬರ್ತೈತಿ" ಎನ್ನುತ್ತಿದ್ದಳು. ಎ.ಸಿ. ಥಿಯೇಟರಿನಲ್ಲಿ ಅದ್ಯಾವ ಗಾಳಿ ಎಂದು ನಾನು ಯೋಚಿಸಲಿಲ್ಲ.

ಪ್ಯಾಕಿಂಗ್ ಮೇಜಿನ ಎದುರು ಇಡೀ ದಿನ ಬಾಯಿ ಬಿಡದ ಹೆಂಗಸು, ಸಿನಿಮಾ ಮುಗಿದು ಚಹಾದಂಗಡಿಗೆ ಬಂದರೆ ಬೇರೆಯವಳೇ ಆಗುತ್ತಿದ್ದಳು. "ಕ್ಲೈಮ್ಯಾಕ್ಸಿನ್ಯಾಗ ಮಳಿ ಬಂತಂದ್ರ ತಿಳ್ಕೋರಿ, ಕತಿ ಬರಿಯಾಂವನ ಹತ್ರ ಮಾತು ತೀರ್‍ಯಾವ." ಹೊಸ ಟ್ರೇಲರು ಬಂದ ದಿನ ನಾವು ಫೋನು ಹಿಡಿದು ಕುಣಿದರೆ, "ಟ್ರೇಲರ್ ನೋಡಿ ಸಿನಿಮಾ ಹೇಳೂದಂದ್ರ ಅಗಸಿ ಬಾಗಲಾ ನೋಡಿ ಊರು ಹೇಳಿದಂಗ" ಎಂದು ನಗುತ್ತಿದ್ದಳು. ಆಮೇಲೆ ಅದೇ ಟ್ರೇಲರನ್ನು ನನ್ನ ಫೋನಿನಲ್ಲಿ ನಾಲ್ಕು ಸಲ ನೋಡುತ್ತಿದ್ದಳು.

ನಾನು ಒಂದು ಪೇಜು ನಡೆಸುತ್ತಿದ್ದೆ. ಗೋವಾದ ಕನ್ನಡಿಗರು ಸಿನಿಮಾ ನೋಡಿ ಏನಂದರು ಎಂಬ ಸಣ್ಣ ವಿಡಿಯೋಗಳು. ಎಲ್ಲರೂ ತಲೆ ಬಾಚಿಕೊಂಡು ಬಂದು ನಿಲ್ಲುತ್ತಿದ್ದರು. ಶಾಂತಕ್ಕ ಮಾತ್ರ, "ದನಿ ಬೇಕಾರ ತಗೋ. ಮಾರಿ ಬ್ಯಾಡ" ಎನ್ನುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ.

ಆ ಭಾನುವಾರ ನೋಡಿದ ಸಿನಿಮಾದಲ್ಲಿ ಹೀರೋ ನಾಯಕಿಯ ಕೆನ್ನೆಗೆ ಬಾರಿಸುತ್ತಾನೆ. ಆಕೆಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ಚಹಾದಂಗಡಿಯಲ್ಲಿ ಶಾಂತಕ್ಕ ಲೋಟ ಕೆಳಗಿಟ್ಟಳು. "ಹೊಡಿಸ್ಕೊಂಡಾಕಿ ಮುಂದಿನ ಸೀನಿಗೇ ಹಾಡಾಕ ನಿಂತ್ಲು. ನನ್ನ ಗಂಡ ಹದಿನಾರು ವರ್ಷ ಹೊಡದ. ನನಗ ಒಂದ ದಿನಾನೂ ಹಾಡು ಬರಲಿಲ್ಲ ನೋಡ್ರಿ."

ನನ್ನ ಫೋನು ಮೇಜಿನ ಅಂಚಿಗೆ ಒರಗಿಕೊಂಡು ದನಿ, ಮುಖ ಎಲ್ಲವನ್ನೂ ತೆಗೆದುಕೊಂಡಿತ್ತು. ನಾನೇ ಹಾಗೆ ಇಟ್ಟಿದ್ದೆ. ಅಷ್ಟು ಚಲೋ ಮಾತು ಹಾಳಾಗಬಾರದೆಂದು, 'ಕುಂಡಯಿಯ ನಮ್ಮ ಶಾಂತಕ್ಕ' ಎಂದು ಬರೆದು ಹಾಕಿಬಿಟ್ಟೆ.

ಎರಡು ದಿನದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಹೀರೋನ ಅಭಿಮಾನಿಗಳು ಬಾಯಿಗೆ ಬಂದಂತೆ ಬೈದರು. ಹೆಂಗಸರು ಅವರಿಗೆ ತಿರುಗಿ ಬೈದರು. ನಾನು ಹಿಗ್ಗಿ ಊಟದ ಹೊತ್ತಿನಲ್ಲಿ ಆಕೆಗೆ ತೋರಿಸಿದೆ. ಕಮೆಂಟುಗಳನ್ನು ಸರಿಸುತ್ತ ಹೋದ ಆಕೆಯ ಬೆರಳು ಒಂದು ಕಡೆ ನಿಂತಿತು. 'ಕುಂಡಯಿ ಯಾವ ಫ್ಯಾಕ್ಟರಿ?' ಅಷ್ಟೇ. ಹೆಸರಿನ ಜಾಗದಲ್ಲಿ ಒಂದು ಟ್ರ್ಯಾಕ್ಟರಿನ ಚಿತ್ರ.

"ಇದು ನಮ್ಮ ಟ್ರ್ಯಾಕ್ಟರ್" ಎಂದಳು. ತುತ್ತು ಕೈಯಲ್ಲೇ ಉಳಿಯಿತು. "ನಾ ಪುಣೇಕ ಓಡಿ ಹೋಗೇನಂತ ಗಂಡ ಐದು ವರ್ಷದಿಂದ ಅಲ್ಲೇ ಹುಡುಕಾಕತ್ತಿದ್ದ. ಸಿಕ್ಕರ ಕಾಲು ಉಳಸೂದಿಲ್ಲ ಅಂದಾನ."

ಪೊಲೀಸರ ಹತ್ತಿರ ಹೋಗೋಣ ಎಂದೆ. "ಊರಾಗ ಒಮ್ಮಿ ಹೋಗಿದ್ನಿ. ಮನ್ಯಾಗ ಬಗಿಹರಿಸ್ಕೋ ಅಂತ ಅವನ ಜೋಡೀನ ಕಳಿಸಿದ್ರು." ಸೊಟ್ಟಗೆ ಕೂಡಿಕೊಂಡಿದ್ದ ಎಡ ಮೊಣಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬಾಗಿಲ ಪಕ್ಕದ ಸೀಟು ನನಗೆ ಆಗ ಅರ್ಥವಾಯಿತು.

ಮರುದಿನ, ಶುಕ್ರವಾರ ಮಧ್ಯಾಹ್ನವೇ, ಆಕೆಯ ಗಂಡ ಬಂದ. ಅಂಗಡಿಗೆಂದು ಹೊರಟಿದ್ದ ನನ್ನನ್ನೇ ಗೇಟಿನಲ್ಲಿ ತಡೆದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ದನಿ. ಫೋನಿನಲ್ಲಿ ನನ್ನದೇ ವಿಡಿಯೋ. "ತಂಗಿ, ಈಕಿ ಇಲ್ಲೇ ಕೆಲಸ ಮಾಡ್ತಾಳೇನ್ರಿ? ಚಲೋ ಮಾತಾಡ್ಯಾಳ."

"ಕೆಲಸ ಬಿಟ್ಟು ಸಾಂಗೆ ಊರಿಗೆ ಹೋದ್ಳ್ರಿ" ಎಂದೆ.

"ಇರ್ಲಿ. ಬಂದೇನಿ, ಕುಂದರ್ತೇನಿ." ಎದುರಿನ ಗೋಡಂಬಿ ಮರದ ಕೆಳಗೆ ಕೂತು ವಿಡಿಯೋ ಹಾಕಿದ. ಮುಗಿದರೆ ಮತ್ತೆ ಹಾಕಿದ. 'ಒಂದ ದಿನಾನೂ ಹಾಡು ಬರಲಿಲ್ಲ' ಎಂಬ ಆಕೆಯ ದನಿ ರಸ್ತೆ ದಾಟಿ ಗೇಟಿನವರೆಗೂ ಬರುತ್ತಿತ್ತು.

ನಾನು ಒಳಗೆ ಓಡಿ ಹೇಳಿದೆ. ಹಿಂದಿನ ಗೇಟಿನಿಂದ ಡಬ್ಬಿ ತುಂಬಿದ ಟೆಂಪೊ ಮ್ಹಾಪಸಾ ಪೇಟೆಗೆ ಹೊರಡುವುದರಲ್ಲಿತ್ತು. ಹೆಂಗಸರೆಲ್ಲ ಸೇರಿ ರಟ್ಟಿನ ಪೆಟ್ಟಿಗೆಗಳ ನಡುವೆ ಶಾಂತಕ್ಕನಿಗೆ ಜಾಗ ಮಾಡಿದರು. ನಾನೂ ಹತ್ತಿದೆ. ದಾರಿಯುದ್ದಕ್ಕೂ ಆಕೆ ನನ್ನ ಮಣಿಕಟ್ಟು ಬಿಡಲಿಲ್ಲ. ಹಿಂದೆ ಬೈಕಿನ ಸದ್ದಾದಾಗಲೆಲ್ಲ ಇಬ್ಬರೂ ಪೆಟ್ಟಿಗೆಗಳ ಹಿಂದೆ ತಲೆ ತಗ್ಗಿಸಿದೆವು.

ಮ್ಹಾಪಸಾದಲ್ಲಿ ಶುಕ್ರವಾರದ ಸಂತೆ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಾನು ಅಳತೊಡಗಿದೆ. "ಅಕ್ಕಾ, ಎಲ್ಲಾ ನನ್ನಿಂದ ಆತು."

"ಹೌದು, ನಿನ್ನಿಂದನ ಆತು" ಎಂದಳು.

"ಈಗಿಂದೀಗ ಅಳಿಸಿ ಹಾಕ್ತೇನಿ."

"ಬ್ಯಾಡ. ಅಂವಾ ನೋಡೂದು ನೋಡಿಬಿಟ್ಟಾನ. ಇನ್ನ ಹೊಡಿಸ್ಕೊಳ್ಳಾಕತ್ತಾಕಿ ಯಾರರ ಇದ್ರ, ಆಕಿ ನೋಡ್ಲಿ." ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಈಗ ಆ ಕಡಿ ತಿರುಗಿ ನಿಂದ್ರು. ಯಾವ ಬಸ್ಸು ಅಂತ ನೋಡಬ್ಯಾಡ. ಗೊತ್ತಿದ್ರ, ಹೆದರಿಸಿದಾಗ ಹೇಳ್ತಿ. ಅದರಾಗ ನಿಂದೇನೂ ತಪ್ಪಲ್ಲ, ಯಾರಾದ್ರೂ ಹೇಳ್ತಾರ."

ನಾನು ಬಸ್ಸುಗಳಿಗೆ ಬೆನ್ನು ಮಾಡಿ ನಿಂತೆ. ಕಂಡಕ್ಟರುಗಳು ಊರೂರಿನ ಹೆಸರು ಕೂಗುತ್ತಿದ್ದರು. ಎರಡೂ ಕಿವಿ ಮುಚ್ಚಿಕೊಂಡೆ. ತಿರುಗಿ ನೋಡಿದಾಗ ಆಕೆ ಇರಲಿಲ್ಲ.

ಆತ ಮತ್ತೆ ಮೂರು ದಿನ ಆ ಮರದ ಕೆಳಗೆ ಕೂತ. ಕಡೆಯ ದಿನ ನನ್ನ ರಟ್ಟೆ ಹಿಡಿದ. ಹಿಡಿದ ಗುರುತು ವಾರದವರೆಗೂ ನೀಲಿಗಟ್ಟಿತ್ತು. "ಖರೇ ಹೇಳು. ಎಲ್ಲಿ ಹೋದ್ಳು?"

"ಗೊತ್ತಿಲ್ರಿ" ಎಂದೆ. ಈ ಸಲ ನಾನು ಹೇಳಿದ್ದು ಖರೇನೇ ಆಗಿತ್ತು.