ರೇಡಿಯೊಗೆ ಕಟ್ಟಿದ ಶಿವದಾರ

ಕಾದ ಸೋಲ್ಡರಿಂಗ್ ಐರನ್ನಿಗೆ ರಾಳ ತಾಗಿ ಹೊಗೆ ಎದ್ದರೆ ನಮ್ಮ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಹೊನ್ನಾಳಿಯ ಅತ್ತೆಯ ಮನೆ ನೆನಪಾಗುತ್ತದೆ. ಹಳೆಯ ರೇಡಿಯೊ ಕೂಡಿಡುವ ನನ್ನ ಹುಚ್ಚು ಹತ್ತಿದ್ದು ಅಲ್ಲಿಯೇ.

ಸೋದರತ್ತೆ ನೀಲಮ್ಮನವರ ಮನೆಯಲ್ಲಿ ಎಪ್ಪತ್ತರ ದಶಕದಲ್ಲಿ ಒಂದು ವಾಲ್ವ್ ರೇಡಿಯೊ, ಒಳಗೆ ಗಾಜಿನ ಬುರುಡೆಗಳು ಉರಿಯುವಂಥದ್ದು, ಇತ್ತು. ರೇಡಿಯೊಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ ಅದು. ಹಾಕಿದ ಕೂಡಲೇ ಮಾತಾಡುವ ಜಾತಿಯಲ್ಲ. ಬಿಸಿಯೇರುವವರೆಗೆ ಬೀದಿಯವರೆಲ್ಲ ಕಾಯಬೇಕು. ಒಮ್ಮೆ ಸ್ಟೇಷನ್ ತೋರಿಸುವ ಮುಳ್ಳನ್ನು ಎಳೆಯುವ ದಾರ ಒಳಗೇ ತುಂಡಾಯಿತು. ಶಿವಮೊಗ್ಗಕ್ಕೆ ಹೊತ್ತೊಯ್ಯುವವರು ಯಾರು? ಮಾವ ತಮ್ಮ ಕೊರಳಿನ ಲಿಂಗಕ್ಕೆಂದು ತಂದಿಟ್ಟಿದ್ದ ಹೊಸ ಶಿವದಾರವನ್ನೇ ಮುಳ್ಳು ಎಳೆಯುವ ಒಳಗಿನ ಗಾಲಿಗೆ ಸುತ್ತಿ ಗಂಟು ಹಾಕಿದರು. ಮನೆಯ ಹಿರಿಯರು ಸಿಟ್ಟಾದರು. ವಾರ್ತೆ ಶುರುವಾದಾಗ ಎಲ್ಲರಿಗಿಂತ ಮುಂದೆ ಕೂತವರೂ ಅವರೇ.

ಎಂಬತ್ತರ ದಶಕದಲ್ಲಿ ಮಾವ ತೀರಿಕೊಂಡರು. ಕೆಲವೇ ತಿಂಗಳಲ್ಲಿ ರೇಡಿಯೊ ಕೂಡ ಮೂಕವಾಯಿತು. ಅತ್ತೆಯ ಮಗ ಅದನ್ನು ಒಯ್ಯಲು ಗುಜರಿಯವನಿಗೆ ಹೇಳಿಟ್ಟ. ಅತ್ತೆ ನನ್ನನ್ನು ಕರೆಸಿದರು. ಆಗ ನಾನು ಚನ್ನಗಿರಿಯಲ್ಲಿ ಮೇಷ್ಟ್ರು. ಅಷ್ಟರಲ್ಲೇ ಎರಡು ರೇಡಿಯೊ ಕೆಡಿಸಿದ್ದ ಅನುಭವಸ್ಥ.

"ಏನು ಬೇಕಾದ್ರೂ ಬಿಚ್ಚು. ಆ ದಾರದ ಗಂಟು ಮಾತ್ರ ಬಿಚ್ಚಬ್ಯಾಡ. ಅದು ನಿಮ್ಮ ಮಾವ ಹಾಕಿದ್ದು," ಎಂದರು ಅತ್ತೆ.

"ದಾರ ತೆಗೀದೆ ಒಳಗೆ ಕೈ ಹಾಕಾಕೆ ಆಗಲ್ಲ ಅತ್ತೆ."

"ಆಗಂಗೆ ಮಾಡು. ಅದಕ್ಕೇ ನಿನ್ನ ಕರೆಸಿದ್ದು."

ನನಗೂ ಹಟ ಬಂತು. ಸುಟ್ಟ ವಾಲ್ವಿಗೆ ಬದಲಿ ಹುಡುಕುತ್ತ ಜಗಳೂರಿನವರೆಗೂ ಬಸ್ಸು ಹತ್ತಿದೆ. ಅಲ್ಲೊಂದು ಮನೆಯಲ್ಲಿ ಅದೇ ಮಾದರಿಯ ರೇಡಿಯೊ ಸಿಕ್ಕಿತು. ಅದರ ಪೆಟ್ಟಿಗೆಯೊಳಗೆ ಕೋಳಿ ಕಾವಿಗೆ ಕೂತಿತ್ತು. "ಮರಿ ಮಾಡೋವರೆಗೆ ತಡೀರಿ," ಎಂದರು ಮನೆಯವರು. ತಡೆದೆ. ನನ್ನ ಸಂಗ್ರಹದ ಮೊದಲ ರೇಡಿಯೊ ಅದು, ಪುಕ್ಕಗಳ ಸಮೇತ.

ಹೊನ್ನಾಳಿಗೆ ಮರಳಿ, ದಾರಕ್ಕೆ ಸಿಕ್ಕಿಸಿದ್ದ ಮುಳ್ಳನ್ನಷ್ಟೇ ಬಿಡಿಸಿಕೊಂಡು, ದಾರದ ಸಮೇತ ಒಳಗಿನದನ್ನೆಲ್ಲ ಹೊರಗೆಳೆದೆ. ವಾಲ್ವ್ ಕೂರಿಸಿ, ಕಂಡೆನ್ಸರ್ ಬೆಸೆದು, ಜಾರುತ್ತಿದ್ದ ದಾರಕ್ಕೆ ರಾಳ ಉಜ್ಜಿದೆ. ಗಂಟು ಇದ್ದ ಹಾಗೇ ಇತ್ತು. ಬಿಸಿಯೇರಿ ಧ್ವನಿ ಬಂದಾಗ ಅತ್ತೆ ಮಗನನ್ನು ಕರೆದು, "ಗುಜರಿಯೋನಿಗೆ ಬ್ಯಾರೆ ಏನಾರ ಕೊಡು," ಎಂದರು. ನನ್ನ ಕಣ್ಣು ತುಂಬಿತು. ತಪ್ಪನ್ನು ಹೊಗೆಯ ಮೇಲೆ ಹಾಕಿದೆ.

ಅತ್ತೆಯ ನಂತರ ಆ ರೇಡಿಯೊ ನನ್ನ ಪಾಲಿಗೆ ಬಂತು. ನಿನ್ನೆ ಅದನ್ನು ನೋಡಲು ಬಂದ ಸಂಗ್ರಾಹಕರೊಬ್ಬರು, "ಈ ದಾರ ಒರಿಜಿನಲ್ ಅಲ್ಲ, ತೆಗೆದು ಹಾಕಿ," ಎಂದರು. ಅವರೊಂದಿಗೆ ಚೆನ್ನಾಗಿ ಜಗಳವಾಡಿದೆ. ಇವತ್ತು ಕನ್ನಡಕ ಹಾಕಿ ನೋಡಿದರೆ, ಗಂಟಿನ ಪಕ್ಕದಲ್ಲೇ ಎಳೆಗಳು ಸವೆದಿವೆ. ಹೆಚ್ಚು ದಿನ ತಡೆಯಲಾರದು. ಅದು ಹರಿದ ದಿನ ಹೊನ್ನಾಳಿಗೆ ಹೋಗಿ, ಪದ್ಧತಿಯಂತೆ ಹಳೆಯದನ್ನು ಹೊಳೆಗೆ ಬಿಟ್ಟು, ಹೊಸ ಶಿವದಾರ ತರುತ್ತೇನೆ. ಈ ಸಲ ಗಂಟು ನಾನೇ ಹಾಕಬೇಕು.