ಪರದೆ ಬಟ್ಟೆಯ ಫ್ರಾಕು

ನಮ್ಮ ಪಾರ್ಕಿನಲ್ಲಿ ಋತು ಬದಲಾದಾಗೆಲ್ಲ ಒಂದು ಭಾನುವಾರ ನೂರು ವರ್ಷ ಹಿಂದಕ್ಕೆ ಹೋಗುತ್ತೇವೆ. ದಾರಿ ಸುಲಭ: ಎಡಗಡೆಯ ಗೇಟು, ಜಾರುಬಂಡೆ, ಅದನ್ನು ದಾಟಿದರೆ ಹಳೆಯ ಮಾಲಿಯ ಮನೆ. ಅದಕ್ಕೀಗ ‘ಹಿಂದಿನವರ ಮನೆ’ ಎಂದು ಬೋರ್ಡು ಬಿದ್ದಿದೆ. ಒಳಗೆ ಮಣ್ಣಿನ ಒಲೆ, ಬೀಸುವ ಕಲ್ಲು, ಗುಜರಿಯಿಂದ ತಂದ ಹಿತ್ತಾಳೆ ಪಾತ್ರೆಗಳು. ಸಂಸಾರಗಳು ಗುಂಪು ಗುಂಪಾಗಿ ಬಂದು, ಹಿಂದಿನವರು ಎಷ್ಟು ಕಷ್ಟಪಡುತ್ತಿದ್ದರು ಎಂದು ಮಕ್ಕಳಿಗೆ ತೋರಿಸಿ, ಹೊರಗೆ ಹೋಗಿ ಐಸ್‌ಕ್ರೀಂ ತಿನ್ನುತ್ತವೆ.

ನಾನು ಅಲ್ಲಿ ಗುತ್ತಿಗೆ ನೌಕರ. ಹುದ್ದೆಯ ಹೆಸರು ಕಾರ್ಯಕ್ರಮ ಸಹಾಯಕ. ಅಂದರೆ ಮೈಕು ಹಿಡಿಯುವವನು, ಕಳೆದುಹೋದ ಮಕ್ಕಳನ್ನು ಹುಡುಕುವವನು, ಸಿಗದಿದ್ದರೆ ಬೈಸಿಕೊಳ್ಳುವವನು. ಆ ಭಾನುವಾರಗಳಲ್ಲಿ ಮಾತ್ರ ಖಾಕಿ ತೊಟ್ಟು, ಅಂಟಿನ ಮೀಸೆ ಹಚ್ಚಿ, ಹಳೇ ಕಾಲದ ಅಂಚೆಯವನಾಗುತ್ತೇನೆ. ಬೆವರಿದರೆ ಅರ್ಧ ಮೀಸೆ ತುಟಿಯ ಮೇಲೆ ಜೋತು ಬೀಳುತ್ತದೆ. ಒಂದು ಗುಂಪಿನ ಸಮಯ ಮುಗಿಯಿತೆಂದರೆ ಸೈಕಲ್ ಬೆಲ್ ಬಾರಿಸಿ ಅವರನ್ನು ಹೊರಗೆ ಹಾಕುವುದು ನನ್ನ ಕೈಯಲ್ಲಿರುವ ಒಂದೇ ಒಂದು ಅಧಿಕಾರ.

ಆ ಮನೆಗೊಬ್ಬರು ಅಜ್ಜಿ ಇದ್ದಾರೆ. ವಾರದ ಉಳಿದ ದಿನ ಅವರು ಅಜ್ಜಿಯಲ್ಲ, ಪಾರ್ಕಿನ ಎದುರು ಬೀದಿಯಲ್ಲಿ ಪರದೆ, ದಿಂಬಿನ ಚೀಲ ಹೊಲಿಯುವ ಟೈಲರಮ್ಮ. ಮೆಷಿನ್ ತುಳಿದೂ ತುಳಿದೂ ಬಲಗಾಲು ಕೂತಲ್ಲೂ ಕುಣಿಯುತ್ತಿರುತ್ತದೆ. ಮೊದಲ ಸಲ ಕೂದಲು ಬೆಳ್ಳಗಾಗಲೆಂದು ನಾನು ಪೌಡರು ಉದುರಿಸಿದಾಗ ಸೀನುತ್ತಲೇ ಅಂದಿದ್ದರು: “ಮಗಳಿಗೆ ಇನ್ನೂ ಮದುವೇನೇ ಆಗಿಲ್ಲ, ನೀನು ಆಗ್ಲೇ ನನ್ನ ಅಜ್ಜಿ ಮಾಡ್ಬಿಟ್ಯಲ್ಲೋ ಪೋಸ್ಟು!”

ಮೊದಮೊದಲು ಅವರು ಪಾರ್ಕಿನ ಆಫೀಸಿನವರು ಕಲಿಸಿದ ಪಾಠವನ್ನೇ ಒಪ್ಪಿಸುತ್ತಿದ್ದರು. ಇದು ಬೀಸುವ ಕಲ್ಲು, ಇದರಲ್ಲಿ ಹಿಟ್ಟು ಮಾಡುತ್ತಿದ್ದರು. ಮಕ್ಕಳು ಅಪ್ಪಂದಿರ ಅಂಗಿ ಜಗ್ಗಿ ಜಾರುಬಂಡೆಯ ಕಡೆ ಎಳೆಯುತ್ತಿದ್ದವು. ಜನ ಬಾರದಿದ್ದರೆ ನನ್ನ ಗುತ್ತಿಗೆಗೇ ಕುತ್ತು. ಹಾಗಾಗಿ ನಾನು ತಲೆ ಓಡಿಸಿದೆ. ನಾನು ತಲೆ ಓಡಿಸಿದಾಗೆಲ್ಲ ಯಾರಾದರೊಬ್ಬರು ಎಡವಿ ಬೀಳುತ್ತಾರೆ.

“ಕಥೆ ಹೇಳಿ ಅಜ್ಜಿ. ಸ್ವಲ್ಪ ಉಪ್ಪು ಖಾರ ಇರ್ಲಿ.”

“ನೂರು ವರ್ಷದ ಕಥೆ ನಾನೆಲ್ಲಿಂದ ತರ್ಲಿ?”

“ಇಪ್ಪತ್ತು ವರ್ಷದ್ದಿದ್ರೆ ತನ್ನಿ, ಮಿಕ್ಕ ಎಂಬತ್ತು ನಾನು ಸೇರಿಸ್ತೀನಿ.”

ಅವರು ತಂದರು. ಒಬ್ಬ ಬಡ ಹೊಲಿಗೆಯವಳು ಶಾಲೆಗೆ ಪರದೆ ಹೊಲಿದುಕೊಟ್ಟು, ಮಿಕ್ಕ ಬಟ್ಟೆಯಲ್ಲಿ ಮಗಳಿಗೊಂದು ಹೂವಿನ ಫ್ರಾಕು ಹೊಲಿದಳಂತೆ. ಫೋಟೋದ ದಿನ ಮಕ್ಕಳನ್ನೆಲ್ಲ ನಿಲ್ಲಿಸಿದ್ದು ಅದೇ ಪರದೆಯ ಮುಂದೆ. ಹೂವಿಗೆ ಹೂವು ಸೇರಿಹೋಯಿತು. ಫೋಟೋದಲ್ಲಿ ಹುಡುಗಿಯ ತಲೆ, ಕೈಕಾಲು ಮಾತ್ರ! ಹಳೇ ಕ್ಯಾಮೆರಾದವರಂತೆ ಫೋಟೋದವನ ತಲೆಗೆ ಕರಿ ಬಟ್ಟೆ ಹೊದಿಸಿ ಎಂಬತ್ತು ವರ್ಷ ಸೇರಿಸಿದ್ದು ನಾನು. ಶಾಲೆಯಲ್ಲೆಲ್ಲ ಅವಳಿಗೆ ‘ಪರದೆ’ ಎಂದೇ ಹೆಸರು ಬಿತ್ತು. ಅಳುತ್ತ ಮನೆಗೆ ಬಂದವಳನ್ನು ಅಮ್ಮ ತಬ್ಬಿಕೊಂಡು ಮುದ್ದಿಸಿದಳು. ಸಿಹಿಯಾಗಿ ಮುಗಿಸಿ ಎಂದವನೂ ನಾನೇ. ಯಾರ ಕಥೆ ಎಂದು ಮಾತ್ರ ಕೇಳಲಿಲ್ಲ. ಕೇಳಿದರೆ ಗೊತ್ತಾಗುತ್ತದೆ, ಗೊತ್ತಾದರೆ ತೊಂದರೆ.

ಜನ ಬಿದ್ದು ಬಿದ್ದು ನಕ್ಕರು. ಮತ್ತೆ ಮತ್ತೆ ಬಂದ ಮಕ್ಕಳಿಗೆ ಕಥೆ ಬಾಯಿಪಾಠವಾಯಿತು. ಅಜ್ಜಿ “ಹುಡುಗಿ ಎಲ್ಲಿ?” ಎನ್ನುವುದೇ ತಡ, “ಪರದೇಲಿ!” ಎಂದು ಮನೆಯ ಹೆಂಚು ಹಾರುವಂತೆ ಕೂಗುತ್ತಿದ್ದವು.

ಮಳೆ ನಿಂತ ಮೇಲಿನ ಭಾನುವಾರ ಮನೆ ತುಂಬಿತ್ತು. ಬಾಗಿಲ ಹತ್ತಿರ, ನನ್ನ ಪಕ್ಕದಲ್ಲಿ, ಬಸ್ ಕಂಡಕ್ಟರ್ ಯೂನಿಫಾರ್ಮಿನ ಹೆಂಗಸೊಬ್ಬರು ಟಿಫಿನ್ ಡಬ್ಬಿ ಹಿಡಿದು ನಿಂತಿದ್ದರು. ಒಳಗೆ “ಹುಡುಗಿ ಎಲ್ಲಿ?” “ಪರದೇಲಿ!” ನಡೆದಿತ್ತು. ನಾನು ಬೀಗುತ್ತ ಅವರತ್ತ ಬಾಗಿದೆ.

“ಸಖತ್ತಾಗಿದೆ ಅಲ್ವಾ ಮೇಡಂ? ಐಡಿಯಾ ನಂದೇ.”

“ಹೌದಾ?” ಎಂದರು ಅವರು. “ಹುಡುಗಿ ನಾನು.”

ನನ್ನ ಮೀಸೆ ಇಳಿಯಿತು. ಈ ಸಲ ಬೆವರಿಗಲ್ಲ.

ಒಳಗೆ ಕಥೆಯಲ್ಲಿ ಅಮ್ಮ ಮಗಳನ್ನು ತಬ್ಬಿಕೊಂಡಾಗಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಕಂಡಕ್ಟರಮ್ಮ ಕೈ ಎತ್ತಿದರು. “ಅಜ್ಜಿ, ಒಂದು ಪ್ರಶ್ನೆ.”

ನಮ್ಮಲ್ಲೊಂದು ನಿಯಮವಿದೆ: ಏನೇ ಆದರೂ ವೇಷ ಬಿಡಬಾರದು, ಯಾರು ಏನೇ ಕೇಳಿದರೂ ಹಿಂದಿನ ಕಾಲದವರಾಗಿಯೇ ಉತ್ತರಿಸಬೇಕು. ಟೈಲರಮ್ಮ ತಲೆ ಎತ್ತಿ ಮಗಳನ್ನು ಕಂಡರು. ಕುಣಿಯುತ್ತಿದ್ದ ಬಲಗಾಲು ನಿಂತಿತು.

“ಕೇಳಮ್ಮ.”

“ಆ ಅಮ್ಮ ನಿಜವಾಗ್ಲೂ ತಬ್ಕೊಂಡ್ಲಾ?”

ಟೈಲರಮ್ಮ ನನ್ನತ್ತ ನೋಡಿದರು. ಬೆಲ್ ಬಾರಿಸೋ ಎಂದು ಕಣ್ಣೇ ಹೇಳುತ್ತಿತ್ತು. ಸಮಯ ಇನ್ನೂ ಇತ್ತು, ಆದರೂ ಟ್ರಿಣ್ ಟ್ರಿಣ್ ಎಂದು ಬಾರಿಸಿದೆ. ಒಬ್ಬರೂ ಅಲುಗಲಿಲ್ಲ.

“ಪೋಸ್ಟಣ್ಣ, ಸ್ವಲ್ಪ ಸುಮ್ನಿರಿ,” ಎಂದರು ಕಂಡಕ್ಟರಮ್ಮ. ಬಸ್ಸಿನಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದ ದನಿಯೋ ಅದು. ಬೆಲ್ಲಿನ ಮೇಲಿಂದ ಬೆರಳು ತೆಗೆದೆ.

“ಇಲ್ಲ,” ಎಂದರು ಟೈಲರಮ್ಮ, ಬೀಸುವ ಕಲ್ಲಿಗೆ ಹೇಳುವಂತೆ. “ಹೊಡೆದ್ಲು. ಬಟ್ಟೆ ಅಳೆಯೋ ಮರದ ಸ್ಕೇಲಲ್ಲಿ.”

“ಯಾಕೆ?”

“ಮಿಕ್ಕ ಬಟ್ಟೇನ ಕೇಳ್ದೇನೇ ಇಟ್ಕೊಂಡಿದ್ಲು. ಇವಳು ಊರೆಲ್ಲ ಅತ್ತುಕೊಂಡು ಬಂದ್ರೆ ಶಾಲೆಯೋರಿಗೆ ಗೊತ್ತಾಗಲ್ವಾ? ಕೆಲಸ ಹೋಗುತ್ತೆ ಅಂತ ಭಯ. ಭಯ ಅವಳದ್ದು, ಏಟು ಹುಡುಗೀದು.”

ಮುಂದಿನ ಸಾಲಿನಲ್ಲಿ, ಈಗಷ್ಟೇ ‘ಪರದೇಲಿ’ ಎಂದು ಕೂಗಿದ್ದ ಮಗುವೊಂದು ಕೇಳಿತು: “ಆಮೇಲೆ ಅಮ್ಮ ಸಾರಿ ಕೇಳಿದ್ಲಾ?”

“ಕೇಳ್ಬೇಕು ಅಂತಾನೇ ಇದ್ಲು ಕಂದಾ. ಇವತ್ತು, ನಾಳೆ ಅಂತ ಇದ್ದು, ಕೊನೆಗೆ ಅದನ್ನೇ ಕಥೆ ಮಾಡಿ ನಿಮ್ಮನ್ನೆಲ್ಲ ನಗಿಸಿದ್ಲು.”

ಕಂಡಕ್ಟರಮ್ಮ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಡಬ್ಬಿಯನ್ನು ಕಲ್ಲಿನ ಪಕ್ಕದಲ್ಲಿಟ್ಟರು. “ಊಟ ಮರೆತು ಬಂದಿದ್ದೀಯ. ತಿನ್ನು,” ಎಂದರು. ಆಮೇಲೆ ನಮ್ಮ ಕಡೆ ತಿರುಗಿ, “ನಡೀರಿ, ನಡೀರಿ, ಹಿಂದೆ ಜನ ಕಾಯ್ತಿದಾರೆ” ಎಂದು ಗುಂಪನ್ನೇ ಇಳಿಸಿಕೊಂಡು ಹೊರಟುಹೋದರು.

ಗುಂಪು ಗುಂಪಿನ ನಡುವೆ ನಾನು ಒಳಗೆ ಹೋದೆ. ಡಬ್ಬಿಯ ಮುಚ್ಚಳ ತೆರೆದಿರಲಿಲ್ಲ.

“ಎಲ್ಲ ನನ್ನಿಂದ್ಲೇ ಆಯ್ತು ಅಮ್ಮ.”

“ದೊಡ್ಡ ಮನುಷ್ಯ ಬಂದ ನೋಡು!” ಎಂದರು. “ಉಪ್ಪು ಕೇಳಿದ್ದು ನೀನು. ಮನೆಯಿಂದ ತಂದಿದ್ದು ನಾನು. ಹೋಗು, ಮೀಸೆ ಸರಿ ಮಾಡ್ಕೋ.”

ಅವರು ಹಾಗೆಂದರೆಂದು ನನ್ನ ಎದೆಯೇನೂ ಹಗುರಾಗಲಿಲ್ಲ. ಪರರ ಮನೆಯ ಕಣ್ಣೀರಿಗೆ ಚಪ್ಪಾಳೆ ಗಿಟ್ಟಿಸಿ, ಅದಕ್ಕೆ ಆಫೀಸಿನ ಸಾಹೇಬರಿಂದ ಶಭಾಷ್ ಅನ್ನಿಸಿಕೊಂಡವನು ನಾನು. ಬಸ್ ಹತ್ತುವುದನ್ನೇ ಬಿಟ್ಟು ನಡೆದೇ ಆಫೀಸಿಗೆ ಹೋಗತೊಡಗಿದೆ. ಯಾವ ಬಸ್ಸಿನಲ್ಲಿ ಆ ಕಂಡಕ್ಟರಮ್ಮ ಇರುತ್ತಾರೋ ಯಾರಿಗೆ ಗೊತ್ತು?

ಚಳಿಗಾಲದ ಭಾನುವಾರ ಟೈಲರಮ್ಮ ಮತ್ತೆ ಬೀಸುವ ಕಲ್ಲಿನ ಪಾಠವನ್ನೇ ಒಪ್ಪಿಸಿದರು. ಮಕ್ಕಳು ಮತ್ತೆ ಅಂಗಿ ಜಗ್ಗಿದವು. ಒಂದು ಮಗು ತಡೆಯಲಾರದೆ ಕೂಗಿತು, “ಪರದೆ ಕಥೆ!”

ಟೈಲರಮ್ಮ ಬಾಗಿಲ ಕಡೆ ನೋಡಿದರು. ಅಲ್ಲಿ ಮಗಳು ನಿಂತಿದ್ದರು. ನಾನು ಆಗಲೇ ಅವರನ್ನು ಕಂಡು ಕಂಬದ ಹಿಂದೆ ಸರಿದಿದ್ದೆ.

“ಹೇಳೋದಾದ್ರೆ ಪೂರ್ತಿ ಹೇಳು,” ಎಂದರು ಮಗಳು.

ಅಂದಿನಿಂದ ಅವರು ಪೂರ್ತಿ ಹೇಳುತ್ತಾರೆ, ಮರದ ಸ್ಕೇಲಿನವರೆಗೆ. ಸಾಹೇಬರು “ಯಾಕೋ ಕಥೆ ಸಪ್ಪೆ ಆಯ್ತಲ್ಲಯ್ಯ” ಎನ್ನುತ್ತಾರೆ. ಮಗಳು ರಜೆ ಇದ್ದರೆ ಬರುತ್ತಾರೆ, ಆದರೆ ಒಳಗೆ ಬಂದು ಕೂರುವುದಿಲ್ಲ. ಬಸ್ಸಿನಲ್ಲಿ ನಿಂತಂತೆ ಬಾಗಿಲ ಕಂಬ ಹಿಡಿದೇ ನಿಲ್ಲುತ್ತಾರೆ. ಆ ಪರದೆಯ ಜಾಗ ಬಂದಾಗ ಮಾತ್ರ, ಏನು ಮಾಡಲಿ, ನನಗೆ ಇವತ್ತಿಗೂ ನಗು ಬರುತ್ತದೆ. ಮೀಸೆ ಸರಿಮಾಡುವ ನೆಪದಲ್ಲಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಕಂಡಕ್ಟರಮ್ಮ ಅದನ್ನೂ ನೋಡಿಯಾಗಿದೆ.