ಬೋಡಿ ಮಾಮ ಮಾರಿದ ಗಾಡಿ

ಬೋಡಿ ಮಾಮನ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಸುಟ್ಟ ಹುಲ್ಲಿನ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕೀಲೆಣ್ಣೆ ಉಗುರಿನ ಸಂದಿಗೆ ಇಳಿದು, ಯಾವ ಸೀಗೆಪುಡಿಗೂ ಜಗ್ಗುತ್ತಿರಲಿಲ್ಲ. ಉಣ್ಣುವಾಗ ಆ ಬೆರಳನ್ನು ಅಂಗೈಗೆ ಮಡಚಿಕೊಂಡು ಉಳಿದ ನಾಲ್ಕರಲ್ಲೇ ಅನ್ನ ಕಲಸುತ್ತಿದ್ದರು. ಒಂದು ಅಗುಳು ಚೆಲ್ಲಿದ್ದನ್ನು ನಾನು ಕಾಣೆ.

ನಮಗೆ ಅವರು ನಂಟರೇನಲ್ಲ. ತಮಿಳು ಸೀಮೆಯಲ್ಲಿ ನಮ್ಮ ಹಾಗೇ ಮನೆಯೊಳಗೆ ಕನ್ನಡ ಆಡುವ ಜನ, ಊರು ಬೋಡಿ. ನನಗೊಂದು ಗಾಡಿ ಮಾರಿ ಮಾಮ ಆದರು.

ಆಗ ನನಗೆ ಹತ್ತೊಂಬತ್ತು. ಮಲೆಯ ಮೇಲೆ ಪೆರಿಯಾರ್ ಅಣೆಕಟ್ಟು ಏಳುತ್ತಿದ್ದ ಕಾಲ. ಕಣಿವೆಯ ಬಂಡಿಗಳೆಲ್ಲ ಸುಣ್ಣ ಹೊತ್ತು ಏದುಸಿರು ಬಿಡುತ್ತಿದ್ದರೆ, ನನಗೆ ಏನನ್ನೂ ಹೊರದ ಗಾಡಿಯೇ ಬೇಕಿತ್ತು. ಎರಡು ಸಣ್ಣ ಚಕ್ರ, ಒಬ್ಬ ಕೂರುವಷ್ಟು ಹಲಗೆ, ಪಂದ್ಯದಲ್ಲಿ ಓಡಿಸುವಂಥದ್ದು. "ಮೂಟೆ ಒರದ ಗಾಡೀನ ಮನೇಲಿ ಮಡಗಿ ಪೂಜೆ ಮಾಡ್ತೀಯೇನ್ಲಾ?" ಎಂದು ಅಪ್ಪ ರೇಗಿದರು. ಹೊಸದನ್ನು ಮಾಡಿಸುವ ಶಕ್ತಿ ಇರಲಿಲ್ಲ. ಬೋಡಿಯಲ್ಲೊಂದು ಹಳೆಯ ಓಟದ ಗಾಡಿ ಇದೆ, ಆಂಡಿಪಟ್ಟಿ ಪಂದ್ಯ ಗೆದ್ದದ್ದು ಎಂದು ಯಾರೋ ಹೇಳಿದ್ದೇ ತಡ, ನಮ್ಮೂರು ತೇವಾರದಿಂದ ನಡೆದೇ ಹೋದೆ.

ಮಾಮನ ಮನೆಯ ಹುಣಸೆ ಮರದಡಿ ಗಾಡಿ ಓಲೆಚಾಪೆ ಹೊದ್ದು ನಿಂತಿತ್ತು. ನಾನು ಹಾರಿ ಹಲಗೆಯ ಮೇಲೆ ಕುಳಿತೆ. ಅವರ ಮುಖ ಒಂದು ಗಳಿಗೆ ಬಿಳುಚಿಕೊಂಡಿತು. ಬಿಸಿಲಿಗೆ ಇರಬೇಕು ಅಂದುಕೊಂಡೆ.

"ಇಳಿ ತಂಬಿ, ಇಳಿ. ಗಾಡೀನ ಮೇಲೆ ಕುಂತು ನೋಡಬಾರದು, ಕೆಳಗೆ ಕುಂತು ನೋಡಬೇಕು," ಅಂದರು. ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ತಡೆಯುವ ಕಬ್ಬಿಣದ ಕಡಾಣಿಯನ್ನು ತೋರಿಸಿದರು. "ಏರೋ ಮುಂಚೆ ಇದನ್ನ ಎಬ್ಬೆರಳಲ್ಲಿ ಒತ್ತು. ಅಲ್ಲಾಡಿದ್ರೆ ಏರಬೇಡ. ರಾಜನೇ ಕರೆದ್ರೂ ಏರಬೇಡ."

ಇಂಥ ಗಾಡಿ ಯಾಕೆ ಮಾರುತ್ತೀರಿ ಅಂದೆ. "ಓಡಿಸೋ ವಯಸ್ಸು ಓಯ್ತಪ್ಪಾ," ಅಂದರು. ಯಾರ ವಯಸ್ಸು ಎಂದು ನಾನು ಕೇಳಲಿಲ್ಲ.

ಆಮೇಲೆ ಪ್ರತಿ ಸಂತೆಯ ದಿನ ಅವರು ತೇವಾರಕ್ಕೆ ಬಂದರು. ಕೊಳ್ಳುವುದು ಏನೂ ಇಲ್ಲ. ನೇರ ನಮ್ಮ ಕೊಟ್ಟಿಗೆಗೆ ಬಂದು, ಚಕ್ರದ ಬಳಿ ಮಂಡಿಯೂರಿ, ಎರಡೂ ಕಡಾಣಿಗಳನ್ನು ಒತ್ತಿ, ಅವು ಜಾರದಂತೆ ಕಟ್ಟುವ ತೊಗಲ ಬಾರು ಬಿಗಿದು, ಕೀಲೆಣ್ಣೆ ಹಾಕಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೊರಡುವರು. "ಏನು ಮಾಮಾ, ಗಾಡಿ ಮಾರಿದ್ರಾ, ಮಗಳನ್ನ ಕೊಟ್ರಾ?" ಎಂದು ನಾನು ಛೇಡಿಸಿದರೆ, "ಎರಡೂ ಒಂದೇ ತಾನೆ," ಅನ್ನುವರು. ನಗುತ್ತಿರಲಿಲ್ಲ. ಅವರು ನೋಡುತ್ತಾರಲ್ಲ ಎಂದು ನಾನು ಕಡಾಣಿಯ ಕಡೆ ತಲೆಹಾಕುವುದನ್ನೇ ಬಿಟ್ಟೆ.

ಪೊಂಗಲ್ ಕಳೆದು ಆಂಡಿಪಟ್ಟಿಯ ಪಂದ್ಯ ಬಂತು. ಗಾಡಿಗಳು ಸಾಲಾಗಿ ನಿಂತಿದ್ದವು. ಊರಿನ ಮುದುಕನೊಬ್ಬ ನನ್ನ ಗಾಡಿಯ ಸುತ್ತ ಒಂದು ಸಲ ಬಂದು, ಇದು ಆ ಹುಡುಗನನ್ನು ತಿಂದ ಗಾಡಿಯಲ್ಲವೇ ಎಂದು ತಮಿಳಿನಲ್ಲಿ ಕೇಳಿದ. ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಇದರ ಚಕ್ರ ಕಳಚಿ ಓಡಿಸುತ್ತಿದ್ದವನು ಬಿದ್ದನಂತೆ, ಹಿಂದಿನ ಗಾಡಿ ಅವನ ಮೇಲೆ ಹರಿಯಿತಂತೆ. ಬೋಡಿಯ ಹುಡುಗ. ಮಾಮನ ಒಬ್ಬನೇ ಮಗ.

ಜೀವ ತೆಗೆದ ಗಾಡಿಯನ್ನು ನಮ್ಮಲ್ಲಿ ಒಡೆದು ಒಲೆಗೆ ಹಾಕುತ್ತಾರೆ. ಇನ್ನೊಬ್ಬರ ಮನೆಗೆ ಕಳಿಸುವುದಿಲ್ಲ.

ಮಾಮ ಜನರ ನಡುವೆಯೇ ನಿಂತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಿಮ್ಮ ಮಗ ಸತ್ತದ್ದು ಸಾಲದು ಅಂತ ನನ್ನ ಕೂರಿಸಿದ್ರಾ?" ಎಂದು ಎಲ್ಲರೆದುರು ಕೂಗಿದೆ. ಇವತ್ತಿಗೂ ಆ ಮಾತು ನನ್ನ ಕಿವಿಯಲ್ಲೇ ಇದೆ.

"ಆ ದಿನ ಕಡಾಣಿ ಆಕಿದ್ದು ನಾನೇ, ತಂಬಿ," ಅಂದರು. "ಬಾರು ಕಟ್ಟೋ ಮುಂಚೆ ಯಾರೋ ಕೂಗಿದ್ರು, ಎದ್ದು ಅತ್ಲಾಗೆ ಓದೆ. ಮರೆತೆ. ಗಾಡೀನ ಒಡೆಯಾಕೆ ಕೊಡಲಿ ಎತ್ತಿದೆ. ಅವ್ನು ಕುಂತ ಅಲಗೆ ಅದು, ಕೈ ಬರಲಿಲ್ಲ. ಮನೇಲಿ ಇಟ್ಕೊಂಡು ನೋಡಾಕೂ ಆಗ್ಲಿಲ್ಲ. ನಿಂಗೆ ಇದನ್ನ ಮುಂಚೇನೇ ಏಳಬೇಕಿತ್ತು. ತಪ್ಪಾಯ್ತು."

ನಾನು ಓಡಿಸಲಿಲ್ಲ. ಮನೆಗೆ ಬಂದು, ಒಡೆದುಹಾಕುತ್ತೇನೆ ಎಂದು ದಿನಾ ಹಾರಾಡಿದೆ, ಒಡೆಯಲಿಲ್ಲ. ಆ ಗಾಡಿಯ ಮೇಲಿನ ಆಸೆ ಅಂಥದು. ಮಾಮ ಮುಂದಿನ ಸಂತೆಗೂ ಬಂದರು. ನಾನು ಮುಖ ತಿರುಗಿಸಿ ಹಿತ್ತಲಿಗೆ ಹೋದೆ. ಅವರು ಕಡಾಣಿ ಒತ್ತಿ, ಬಾರು ಬಿಗಿದು ಹೋದರು. ಹೀಗೇ ಎಂಟೊಂಬತ್ತು ತಿಂಗಳು. "ಎಷ್ಟು ದಿನಾಂತ ಇದು, ಒಂದು ಮಾತಾಡೋ," ಎಂದು ಅಮ್ಮ ಬೇಡಿಕೊಂಡರು. ಆಡಲಿಲ್ಲ.

ದೀಪಾವಳಿ ಹೊತ್ತಿನ ಐಪ್ಪಸಿ ಮಳೆಯಲ್ಲಿ ಮೂರು ಸಂತೆ ಅವರು ಬರಲಿಲ್ಲ. ನಾಲ್ಕನೆಯ ಸಂತೆಗೆ ಸಾವಿನ ಸುದ್ದಿ ಬಂತು. ಎತ್ತು ಹೂಡಿ, ಅದೇ ಗಾಡಿಯಲ್ಲಿ, ದಾರಿಯುದ್ದಕ್ಕೂ ಓಡಿಸಿಕೊಂಡು ಹೋದೆ. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಹೆಂಡತಿ ಜಗಲಿಯಲ್ಲಿ ಕುಳಿತಿದ್ದರು. ಅಂಗಳದ ಗಾಡಿಯನ್ನು ಬಹಳ ಹೊತ್ತು ನೋಡಿದರು.

"ಮಲಗಿದ ಮೇಲೆ ಒಂದೇ ಕೇಳ್ವಿ ಅಪ್ಪಾ, ಆ ತೇವಾರದ ಪಯ್ಯ ಕಡಾಣಿ ನೋಡ್ತಾನೇನೇ ಅಂತ. ನೋಡ್ತಾನೆ, ದಿನಾ ನೋಡ್ತಾನೆ ಅಂತ ಏಳಿದೆ. ಆಮೇಲೆ ಕಣ್ಣು ಮುಚ್ಚಿದ್ರು. ನಾ ಏಳಿದ್ದು ನಿಜ ತಾನೆ?"

ಅಂಗಳಕ್ಕಿಳಿದು, ಅವರು ಊರುತ್ತಿದ್ದ ಹಾಗೇ ಮಂಡಿಯೂರಿ, ಹೆಬ್ಬೆರಳಿನಿಂದ ಒತ್ತಿದೆ. ಬಲಗಡೆಯ ಕಡಾಣಿ ಗಟ್ಟಿಯಾಗಿತ್ತು. ಎಡಗಡೆಯದರ ಬಾರು ಹರಿದಿತ್ತು, ಕಡಾಣಿ ಬೆರಳಿನ ಜೊತೆಗೇ ಎದ್ದು ಬಂತು.

ಅದನ್ನು ಹಿಡಿದುಕೊಂಡು ಅಲ್ಲೇ ಅತ್ತೆ. ಮಾಮನ ಹೆಂಡತಿ ಒಳಗೆ ಹೋಗಿ, ಅವರ ಸುತ್ತಿಗೆಯನ್ನೂ ಒಂದು ಹೊಸ ಬಾರನ್ನೂ ತಂದು ನನ್ನ ಪಕ್ಕದಲ್ಲಿ ಇಟ್ಟರು.